ತೆರೆದ ಮೈ, ಮುಚ್ಚಿದ ವರದಿ

ಮೈಸೂರಿನಿಂದ ನಂಜನಗೂಡಿಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲೇ ಮಂಡಕಳ್ಳಿಯ ವಿಮಾನ ನಿಲ್ದಾಣವಿದೆ. ಅರಸರ ಕಾಲದ ಈ ಮೈದಾನ ಬಹುಕಾಲ ಹುಲ್ಲು ಬೆಳೆದುಕೊಂಡು ಬಿದ್ದಿದ್ದು, 2010ರ ಮೇ 15ರಂದು ಹೊಸ ಕಟ್ಟಡದೊಡನೆ ಮತ್ತೆ ಬಾಗಿಲು ತೆರೆಯಿತು. ಅದೇ ಸೀಮೆಯಲ್ಲಿ, ನಂಜನಗೂಡು ತಾಲ್ಲೂಕಿನ ತಾಂಡ್ಯದಲ್ಲಿ, ಕೈಗಾರಿಕಾ ಪ್ರದೇಶ. ವಿಮಾನ ಹತ್ತುವವರ ಮೈ ತಡವಿ ನೋಡಿದರೆ ಪತ್ರಿಕೆಗಳಿಗೆ ಕಾಗದ ಬರುತ್ತದೆ. ಆದರೆ ನಮ್ಮ ನಾಡಿನ ಎಷ್ಟೋ ಕಾರ್ಖಾನೆಗಳ ಗೇಟುಗಳಲ್ಲಿ ಪಾಳಿ ಮುಗಿಸಿ ಹೊರಬರುವ ಕೆಲಸಗಾರ ದಿನವೂ ಕೈ ಎತ್ತಿ ನಿಲ್ಲುತ್ತಾನೆ, ಊಟದ ಡಬ್ಬಿಯ ಮುಚ್ಚಳ ತೆಗೆದು ತೋರಿಸುತ್ತಾನೆ. ಅದರ ಬಗ್ಗೆ ಯಾರೂ ಕಾಗದ ಬರೆಯುವುದಿಲ್ಲ. ಈ ವ್ಯತ್ಯಾಸವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದು ಬೇಕಾಗುತ್ತದೆ.

ಮಂಡಕಳ್ಳಿಯ ಬಾಗಿಲು ತೆರೆದ ಆ ದಿನಗಳಲ್ಲೇ ಇನ್ನೆರಡು ಸಂಗತಿಗಳು ನಡೆದವು. ಏಪ್ರಿಲ್ 6ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ನಾಲ್ವರು ವಿಜ್ಞಾನಿಗಳು ಅಲ್ಲಿನ ಅಧ್ಯಕ್ಷರ ವಿಜ್ಞಾನ ಸಲಹೆಗಾರರಾದ ಜಾನ್ ಹೋಲ್ಡ್ರನ್ ಅವರಿಗೆ ಒಂದು ಪತ್ರ ಬರೆದರು. ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರ ಮೈಮೇಲೆ ಕ್ಷ-ಕಿರಣ ಹಾಯಿಸುವ ಯಂತ್ರಗಳ ಲೆಕ್ಕಾಚಾರ ಸರಿಯಿಲ್ಲವೆಂದು ಅದರ ತಾತ್ಪರ್ಯ. ಮೇ 5ರಂದು ನಮ್ಮ ಸುಪ್ರೀಂ ಕೋರ್ಟು, ಬೆಂಗಳೂರಿನಿಂದ ಹೋದ ‘ಸೆಲ್ವಿ ಮತ್ತು ಕರ್ನಾಟಕ ರಾಜ್ಯ’ ಎಂಬ ಮೊಕದ್ದಮೆಯಲ್ಲಿ, ಒಪ್ಪಿಗೆಯಿಲ್ಲದೆ ಯಾರಿಗೂ ಮಂಪರು ಪರೀಕ್ಷೆ ಮಾಡಕೂಡದೆಂದು ತೀರ್ಪಿತ್ತಿತು. ಒಂದು ಮೈಯನ್ನು ನೋಡುವ ಯಂತ್ರ, ಇನ್ನೊಂದು ಮನಸ್ಸನ್ನು ನೋಡುವ ವಿಧಾನ. ಎರಡರಲ್ಲೂ ಎದ್ದ ಪ್ರಶ್ನೆ ಒಂದೇ: ಯಂತ್ರ ನಮ್ಮನ್ನು ಪರೀಕ್ಷಿಸುತ್ತದೆ ಸರಿ, ಯಂತ್ರವನ್ನು ಪರೀಕ್ಷಿಸುವವರು ಯಾರು?

ವಿಮಾನ ನಿಲ್ದಾಣದ ತಪಾಸಣೆ ಬಹಳ ಹಳೆಯ ಪದ್ಧತಿಯೇನಲ್ಲ. ಅರವತ್ತರ ದಶಕದ ಕೊನೆಯಲ್ಲಿ ವಿಮಾನಾಪಹರಣ ಒಂದು ಪಿಡುಗಿನಂತೆ ಹಬ್ಬಿದಾಗ ಅಮೆರಿಕ 1973ರ ಜನವರಿಯಿಂದ ಎಲ್ಲ ಪ್ರಯಾಣಿಕರ ತಪಾಸಣೆಯನ್ನು ಕಡ್ಡಾಯ ಮಾಡಿತು. ನಮ್ಮಲ್ಲಿ 1971ರ ಜನವರಿ 30ರಂದು ‘ಗಂಗಾ’ ಎಂಬ ಪುಟ್ಟ ವಿಮಾನವನ್ನು ಲಾಹೋರಿಗೆ ಒಯ್ದು ಸುಟ್ಟರು. 1976ರಲ್ಲಿ ಮತ್ತೊಂದು ವಿಮಾನ ಅದೇ ಲಾಹೋರಿಗೆ ಹೋಯಿತು. ಆ ಬಳಿಕ 1978ರಲ್ಲಿ ನಾಗರಿಕ ವಿಮಾನಯಾನದ ಭದ್ರತೆಗೆಂದೇ ಒಂದು ವಿಭಾಗ ಹುಟ್ಟಿ, 1987ರ ಏಪ್ರಿಲಿನಲ್ಲಿ ಅದು ಸ್ವತಂತ್ರ ಇಲಾಖೆಯಾಯಿತು. 1999ರ ಡಿಸೆಂಬರಿನ ಕಂದಹಾರ್ ಪ್ರಕರಣದ ಬೆನ್ನಿಗೆ, 2000ದ ಫೆಬ್ರವರಿಯಲ್ಲಿ ಜೈಪುರದಿಂದ ಆರಂಭಿಸಿ, ಒಂದೊಂದೇ ನಿಲ್ದಾಣದ ಕಾವಲು ಕೇಂದ್ರ ಕೈಗಾರಿಕಾ ಭದ್ರತಾ ಪಡೆಯ ಕೈಗೆ ಬಂತು. ಕಾರ್ಖಾನೆಗಳನ್ನು ಕಾಯಲೆಂದು ಕಟ್ಟಿದ ಪಡೆಯೇ ವಿಮಾನ ನಿಲ್ದಾಣಕ್ಕೂ ಬಂದದ್ದು ಒಂದು ಬಗೆಯಲ್ಲಿ ಅರ್ಥಪೂರ್ಣವೇ.

ಬಾಗಿಲ ಚೌಕಟ್ಟಿನಂತಿರುವ ಲೋಹಶೋಧಕವನ್ನು ಎಲ್ಲರೂ ಬಲ್ಲೆವು. ಅದರೊಳಗೆ ತಂತಿಯ ಸುರುಳಿಗಳಿವೆ. ಅವುಗಳಲ್ಲಿ ಹರಿಯುವ ವಿದ್ಯುತ್ತು ಒಂದು ಕಾಂತಕ್ಷೇತ್ರವನ್ನುಂಟು ಮಾಡುತ್ತದೆ. ಆ ಕ್ಷೇತ್ರದಲ್ಲಿ ಲೋಹ ಹಾದುಹೋದರೆ ಲೋಹದೊಳಗೂ ಸಣ್ಣ ವಿದ್ಯುತ್ತು ಸುಳಿಯಾಡಿ ಕ್ಷೇತ್ರವನ್ನು ಕಲಕುತ್ತದೆ, ಗಂಟೆ ಬಾರಿಸುತ್ತದೆ. ಅಷ್ಟೇ. ಆ ಯಂತ್ರಕ್ಕೆ ಕಣ್ಣಿಲ್ಲ. ಸೊಂಟದ ಉಡಿದಾರದ ಬೆಳ್ಳಿಯೋ, ಕಾಲಿನಲ್ಲಿ ಕೂರಿಸಿದ ಉಕ್ಕಿನ ಪಟ್ಟಿಯೋ, ಪಿಸ್ತೂಲೋ ಅದಕ್ಕೆ ಗೊತ್ತಾಗದು. ಕಣ್ಣಿಲ್ಲದ್ದರಿಂದಲೇ ಅದು ನಮ್ಮ ಮಾನಕ್ಕೆ ಕೈಹಾಕಲಿಲ್ಲ. ‘ಖಾಸಗಿ’ ಎಂಬ ಮಾತು ಪಾರಸಿಯ ಮೂಲಕ ನಮಗೆ ಬಂದದ್ದು, ‘ಖಾಸಗಿತನ’ವಂತೂ ತೀರ ಈಚಿನದು. ಆದರೆ ಮಾನ ಮುಚ್ಚುವುದು ಎಂಬ ಮಾತು ನಮ್ಮ ಅಜ್ಜಿಯರಿಗೂ ತಿಳಿದಿತ್ತು.

ತಪಾಸಣೆಯೇ ಬೇಡವೆನ್ನುವವರು ಕನಿಷ್ಕವನ್ನು ನೆನೆಯಬೇಕು. 1985ರ ಜೂನ್ 23ರಂದು ಏರ್ ಇಂಡಿಯಾದ ಆ ವಿಮಾನ ಐರ್ಲೆಂಡಿನ ಹತ್ತಿರ ಅಟ್ಲಾಂಟಿಕ್ ಸಾಗರದ ಮೇಲೆ ಸ್ಫೋಟಗೊಂಡು 329 ಜನ ಸತ್ತರು. ವಿಮಾನ ಹೊರಟ ದಿನ ಟೊರಾಂಟೊ ನಿಲ್ದಾಣದಲ್ಲಿ ಚೀಲಗಳನ್ನು ನೋಡುವ ಕ್ಷ-ಕಿರಣ ಯಂತ್ರ ಕೆಟ್ಟುನಿಂತಿತ್ತು. ಸ್ಫೋಟಕವನ್ನು ಮೂಸಿ ಹಿಡಿಯುತ್ತದೆಂದು ನಂಬಿದ್ದ ಒಂದು ಕೈಯಂತ್ರದಿಂದ ಉಳಿದ ಚೀಲಗಳನ್ನು ನೋಡಿ ಕಳಿಸಿದರು. ಆ ಕೈಯಂತ್ರ ನೆಚ್ಚಿಕೊಳ್ಳುವಂಥದಲ್ಲವೆಂಬುದು ಕೆಲವೇ ತಿಂಗಳ ಹಿಂದೆ ಅದೇ ನಿಲ್ದಾಣದಲ್ಲಿ ನಡೆದ ಪರೀಕ್ಷೆಯಲ್ಲಿ ಕಂಡುಬಂದಿತ್ತು. ಗೊತ್ತಿದ್ದವರ ಅರಿವು ಗೇಟಿನಲ್ಲಿ ನಿಂತವರ ಕೈ ಸೇರಲಿಲ್ಲ. ಯಂತ್ರವಿದೆ ಎಂಬ ಧೈರ್ಯ ಯಂತ್ರವಿಲ್ಲದ ಭಯಕ್ಕಿಂತ ಅಪಾಯಕಾರಿಯಾದ ಸಂದರ್ಭವದು.

ಮೈಯೊಳಗನ್ನೇ ನೋಡಬೇಕೆಂಬ ಆತುರ ಹುಟ್ಟಿದ್ದು 2009ರ ಕ್ರಿಸ್‌ಮಸ್ ದಿನ. ಆಮ್‌ಸ್ಟರ್‌ಡಾಮಿನಿಂದ ಡೆಟ್ರಾಯಿಟಿಗೆ ಹೋಗುತ್ತಿದ್ದ ವಿಮಾನದಲ್ಲಿ ನೈಜೀರಿಯಾದ ಯುವಕನೊಬ್ಬ ಒಳಚಡ್ಡಿಯಲ್ಲಿ ಹೊಲಿದುಕೊಂಡಿದ್ದ ಸ್ಫೋಟಕಕ್ಕೆ ಕಿಡಿ ತಾಗಿಸಲು ಹೋಗಿ, ಅದು ಸಿಡಿಯದೆ, ಸಹಪ್ರಯಾಣಿಕರ ಕೈಗೆ ಸಿಕ್ಕಿಬಿದ್ದ. ಪುಡಿಯಲ್ಲಿ ಲೋಹವಿಲ್ಲ, ಆದ್ದರಿಂದ ಚೌಕಟ್ಟು ಗಂಟೆ ಬಾರಿಸಲಿಲ್ಲ. ಇಲ್ಲಿ ಒಂದು ಮಾತನ್ನು ಬಿಡಬಾರದು. ಆ ಯುವಕನ ತಂದೆಯೇ ಹಿಂದಿನ ತಿಂಗಳು ಅಮೆರಿಕದ ರಾಯಭಾರ ಕಚೇರಿಗೆ ಹೋಗಿ ಮಗನ ಬಗ್ಗೆ ಎಚ್ಚರಿಸಿದ್ದ. ಸೋತದ್ದು ಕಡತಗಳನ್ನು ಜೋಡಿಸಿ ಓದಬೇಕಾದ ಮನುಷ್ಯರು. ಪರಿಹಾರವಾಗಿ ಬಂದದ್ದು ಮಾತ್ರ ಯಂತ್ರ.

ಯಂತ್ರಗಳಲ್ಲಿ ಎರಡು ಜಾತಿ. ಒಂದು ಕ್ಷ-ಕಿರಣದ್ದು. ಆಸ್ಪತ್ರೆಯಲ್ಲಿ ಕಿರಣ ನಮ್ಮನ್ನು ದಾಟಿ ಹಿಂದಿನ ಫಲಕಕ್ಕೆ ಬೀಳುತ್ತದೆ. ಇಲ್ಲಿ ಹಾಗಲ್ಲ, ದುರ್ಬಲ ಕಿರಣವೊಂದು ಬಟ್ಟೆಯನ್ನು ದಾಟಿ ಚರ್ಮಕ್ಕೆ ಬಡಿದು ಚದುರಿ ಹಿಂದಕ್ಕೆ ಬರುತ್ತದೆ, ಆ ಚದುರುವಿಕೆಯಿಂದ ಚಿತ್ರ ಮೂಡುತ್ತದೆ. ನಮ್ಮ ಮೈಯಲ್ಲಿರುವ ಇಂಗಾಲ, ಜಲಜನಕ, ಆಮ್ಲಜನಕಗಳಂಥ ಹಗುರ ಧಾತುಗಳು ಕಿರಣವನ್ನು ಚೆನ್ನಾಗಿ ಚದುರಿಸುವುದರಿಂದ ಮೈ ಬೆಳ್ಳಗೆ ಕಾಣುತ್ತದೆ, ಲೋಹ ಹೀರಿಕೊಳ್ಳುವುದರಿಂದ ಕಪ್ಪಗೆ. ಬಟ್ಟೆ ಕಾಣುವುದೇ ಇಲ್ಲ. ಬೇರೊಂದು ಕೋಣೆಯಲ್ಲಿ ಕುಳಿತ ಅಧಿಕಾರಿಯ ಪರದೆಯ ಮೇಲೆ ಬೆತ್ತಲೆ ಮನುಷ್ಯಾಕೃತಿ ನಿಂತಿರುತ್ತದೆ. ಇನ್ನೊಂದು ಜಾತಿ ಮಿಲಿಮೀಟರ್ ತರಂಗದ್ದು, ರೇಡಿಯೋ ತರಂಗದ ದಾಯಾದಿ. ಇದು ಬಟ್ಟೆಯನ್ನು ದಾಟಿ ಚರ್ಮದ ನೀರಿನಂಶಕ್ಕೆ ಬಡಿದು ಮರಳುತ್ತದೆ. ಅಣುಗಳನ್ನು ಒಡೆಯುವ ಕಸುವು ಇದಕ್ಕಿಲ್ಲ, ಕ್ಷ-ಕಿರಣಕ್ಕಿದೆ. ಜಗಳ ಹುಟ್ಟಿದ್ದು ಅಲ್ಲೇ.

ಸರಕಾರ ಹೇಳಿದ ಲೆಕ್ಕ ಸರಳ. ಒಂದು ಬಾರಿ ನಿಂತರೆ ತಗಲುವ ವಿಕಿರಣ ಸುಮಾರು 0.1 ಮೈಕ್ರೋಸೀವರ್ಟ್. ಎತ್ತರದಲ್ಲಿ ಹಾರುವ ವಿಮಾನದಲ್ಲಿ ಆಕಾಶದಿಂದ ಬರುವ ವಿಕಿರಣವೇ ಒಂದೆರಡು ನಿಮಿಷದಲ್ಲಿ ಅಷ್ಟಾಗುತ್ತದೆ. ವಿಮಾನ ಹತ್ತಲು ಹೆದರದವನು ಯಂತ್ರಕ್ಕೇಕೆ ಹೆದರಬೇಕು? ಜಾನ್ ಸೆಡಾಟ್, ಡೇವಿಡ್ ಅಗಾರ್ಡ್, ರಾಬರ್ಟ್ ಸ್ಟ್ರೌಡ್, ಮಾರ್ಕ್ ಶುಮನ್ ಎಂಬ ಆ ನಾಲ್ವರ ಆಕ್ಷೇಪ ಇಡೀ ಮೈಗೆ ಸರಾಸರಿ ಹಂಚಿದ ಆ ಲೆಕ್ಕದ ಮೇಲೆಯೇ. ಆಕಾಶದ ಕಿರಣ ದೇಹದಲ್ಲೆಲ್ಲ ಹರಡುತ್ತದೆ. ಈ ದುರ್ಬಲ ಕಿರಣ ಬಹುಪಾಲು ಚರ್ಮ ಮತ್ತು ಅದರ ಕೆಳಗಿನ ಅಂಗಾಂಶದಲ್ಲೇ ಇಳಿಯುತ್ತದೆ. ಬಿಂದಿಗೆ ನೀರನ್ನು ಒಂದೆಕರೆಗೆ ಚಿಮುಕಿಸುವುದಕ್ಕೂ ಒಂದೇ ಪಾತಿಗೆ ಸುರಿಯುವುದಕ್ಕೂ ವ್ಯತ್ಯಾಸವಿಲ್ಲವೆ? ವೃದ್ಧರು, ಗರ್ಭಿಣಿಯರು, ಮಕ್ಕಳು, ಹಿಂದೆ ಕ್ಯಾನ್ಸರಿಗೆ ತುತ್ತಾದವರು ಇವರ ವಿಷಯವನ್ನು ಸ್ವತಂತ್ರ ತಜ್ಞರು ನೋಡಲಿ ಎಂಬುದು ಅವರ ಬೇಡಿಕೆ. ಅಕ್ಟೋಬರಿನಲ್ಲಿ ಸರಕಾರದ ಉತ್ತರ ಬಂತು: ಪರೀಕ್ಷೆಗಳೆಲ್ಲ ಆಗಿವೆ, ಭಯ ಬೇಡ. ಪರೀಕ್ಷೆಯ ವರದಿಗಳನ್ನು ತೋರಿಸಿ ಎಂದಾಗ ಹೊರಬಂದ ಹಾಳೆಗಳಲ್ಲಿ ಮುಖ್ಯ ಅಂಕಿಗಳ ಮೇಲೆ ಕಪ್ಪು ಬಳಿದಿತ್ತು. ಕಾರಣ, ಭದ್ರತೆ.

ವಿಜ್ಞಾನ ರಾಜಕೀಯವಾಗುವುದು ಈ ಕಪ್ಪಿನಲ್ಲಿ. ಅಂಕಿ ಸರಿಯಿದ್ದಿರಬಹುದು. ಆದರೆ ಇನ್ನೊಬ್ಬರು ಅಳೆದು ನೋಡಲಾಗದ ಅಂಕಿಯನ್ನು ವಿಜ್ಞಾನವೆನ್ನಲು ಬರುವುದಿಲ್ಲ, ಅದು ಅಪ್ಪಣೆ. ಇದರ ಜೊತೆಗೆ ಹಣದ ವಾಸನೆಯೂ ಇತ್ತು. ಈ ಯಂತ್ರಗಳು ಬೇಕೇ ಬೇಕೆಂದು ಟೀವಿಯಲ್ಲಿ ವಾದಿಸುತ್ತಿದ್ದ ಮೈಕೇಲ್ ಚೆರ್ಟಾಫ್ ಅವರು 2009ರ ಆರಂಭದವರೆಗೆ ಅಮೆರಿಕದ ಆಂತರಿಕ ಭದ್ರತಾ ಸಚಿವರಾಗಿದ್ದವರು. ಅವರ ಸಲಹಾ ಸಂಸ್ಥೆಯ ಗಿರಾಕಿಗಳಲ್ಲಿ ಯಂತ್ರ ತಯಾರಿಸುವ ರಾಪಿಸ್ಕ್ಯಾನ್ ಕಂಪನಿಯೂ ಒಂದೆಂದು ಬೇಗನೆ ಬಯಲಾಯಿತು. 2011ರ ಜುಲೈನಲ್ಲಿ ಅಲ್ಲಿನ ಒಂದು ನ್ಯಾಯಾಲಯ, ಯಂತ್ರಗಳನ್ನು ನಿಲ್ಲಿಸುವ ಅಗತ್ಯವಿಲ್ಲ, ಆದರೆ ಸಾರ್ವಜನಿಕರ ಅಭಿಪ್ರಾಯ ಕೇಳದೆ ಕೂರಿಸಿದ್ದು ತಪ್ಪು ಎಂದಿತು. ಅದೇ ವರ್ಷ ನವೆಂಬರಿನಲ್ಲಿ ಐರೋಪ್ಯ ಒಕ್ಕೂಟ ಕ್ಷ-ಕಿರಣದ ಯಂತ್ರಗಳನ್ನು ತನ್ನ ನಿಲ್ದಾಣಗಳಿಂದ ಹೊರಗಿಟ್ಟಿತು. ಅಪಾಯ ಸಾಬೀತಾಯಿತೆಂದಲ್ಲ. ಬೇರೆ ಯಂತ್ರವಿರುವಾಗ ಇದೇಕೆ ಎಂಬುದು ಅದರ ತರ್ಕ. ಒಂದೇ ಭೌತಶಾಸ್ತ್ರ, ಸಾಗರದ ಎರಡು ದಡಗಳಲ್ಲಿ ಎರಡು ತೀರ್ಮಾನ.

ಅಮೆರಿಕದಿಂದಲೂ ಅವು 2013ರ ಮೇ ಅಂತ್ಯದೊಳಗೆ ನಿರ್ಗಮಿಸಿದವು, ಉಳಿದಿದ್ದ 174 ಯಂತ್ರಗಳೂ. ಕಾರಣ ಕೇಳಿದರೆ ಅಚ್ಚರಿಯಾಗುತ್ತದೆ. ಬೆತ್ತಲೆ ಚಿತ್ರದ ಬದಲು ಗೊಂಬೆಯಂಥ ರೇಖಾಕೃತಿ ಮಾತ್ರ ತೋರಿಸಬೇಕೆಂದು ಶಾಸನಸಭೆ ಗಡುವು ಹಾಕಿತ್ತು. ಮಿಲಿಮೀಟರ್ ತರಂಗದ ಯಂತ್ರಕ್ಕೆ ಅದು ಸಾಧ್ಯವಾಯಿತು, ರಾಪಿಸ್ಕ್ಯಾನಿಗೆ ಸಕಾಲದಲ್ಲಿ ಆಗಲಿಲ್ಲ. ಅಂದರೆ ವಿಜ್ಞಾನಿಗಳ ಪತ್ರ ಕದಲಿಸಲಾಗದ ಯಂತ್ರವನ್ನು ಕದಲಿಸಿದ್ದು ನಾಚಿಕೆ. ಕ್ಯಾನ್ಸರಿನ ಪ್ರಶ್ನೆಗೆ ಸರಕಾರದ ಬಳಿ ಸಿದ್ಧ ಉತ್ತರವಿತ್ತು, ಮಾನದ ಪ್ರಶ್ನೆಗೆ ಇರಲಿಲ್ಲ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಕೆಲವು ವಿಶ್ವವಿದ್ಯಾನಿಲಯಗಳ ಸಂಶೋಧಕರು ಅಂತರ್ಜಾಲದ ಹರಾಜಿನಲ್ಲಿ, ಈಬೇಯಲ್ಲಿ, ಇಂಥದೇ ಹಳೆಯ ಯಂತ್ರವೊಂದನ್ನು ಕೊಂಡು ತಂದು ತಾವೇ ಅಳೆದರು. 2014ರಲ್ಲಿ ಪ್ರಕಟವಾದ ಅವರ ವರದಿ ಎರಡೂ ಪಕ್ಷಗಳಿಗೆ ಮುಜುಗರ ತಂದಿತು. ವಿಕಿರಣದ ಪ್ರಮಾಣ ಸರಕಾರ ಹೇಳಿದಷ್ಟೇ ಇತ್ತು. ಆದರೆ ಯಂತ್ರ ಮಾಡಬೇಕಾದ ಕೆಲಸವನ್ನೇ ಮಾಡುತ್ತಿರಲಿಲ್ಲ. ಲೋಹ ಕಪ್ಪಗೆ ಕಾಣುತ್ತದೆಂದು ಹೇಳಿದೆನಷ್ಟೆ. ಚಿತ್ರದ ಹಿನ್ನೆಲೆಯೂ ಕಪ್ಪೇ. ಪಿಸ್ತೂಲನ್ನು ಎದೆಯ ಮೇಲೆ ಕಟ್ಟಿಕೊಂಡರೆ ಬಿಳಿಯ ಮೇಲೆ ಕಪ್ಪಾಗಿ ಕಾಣುತ್ತದೆ, ಮೈಯ ಪಕ್ಕಕ್ಕೆ ಇಳಿಬಿಟ್ಟರೆ ಅಮಾವಾಸ್ಯೆಯ ರಾತ್ರಿಯ ಎಮ್ಮೆಯಂತೆ ಕಾಣೆಯಾಗುತ್ತದೆ. ಮೊದಲೇ ಹೊರಗಿನವರಿಗೆ ಒಂದು ಯಂತ್ರ ಕೊಟ್ಟಿದ್ದರೆ ಭಯಪಟ್ಟವರ ಭಯವೂ ಕಳೆಯುತ್ತಿತ್ತು, ನಂಬಿದವರ ಭ್ರಮೆಯೂ. 2015ರಲ್ಲಿ ಸೋರಿಬಂದ ಮತ್ತೊಂದು ಸುದ್ದಿಯಂತೆ, ಅಮೆರಿಕದ ನಿಲ್ದಾಣಗಳಲ್ಲಿ ಮಾರುವೇಷದ ಅಧಿಕಾರಿಗಳು ನಕಲಿ ಬಾಂಬು, ಆಯುಧಗಳೊಡನೆ ನಡೆಸಿದ 70 ಪರೀಕ್ಷೆಗಳಲ್ಲಿ 67 ಸಲ ತಪಾಸಣೆ ಸೋತಿತು.

ನಿಲ್ದಾಣಗಳಿಂದ ತೆಗೆದ ಯಂತ್ರಗಳನ್ನು ಗುಜರಿಗೆ ಹಾಕಿದರೆ? ಇಲ್ಲ. ಅನೇಕವು ಸೆರೆಮನೆಗಳಿಗೆ ಹೋದವು. ವಿಮಾನ ಪ್ರಯಾಣಿಕರ ಮಾನಕ್ಕೆ ಸಲ್ಲದ ಚಿತ್ರ ಕೈದಿಗಳಿಗೆ ಸಲ್ಲುತ್ತದೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಬೀಳಲಿಲ್ಲ. ಕಾರ್ಖಾನೆಯ ಗೇಟಿನ ಡಬ್ಬಿಯನ್ನು ಇಲ್ಲಿ ನೆನೆಯಬಹುದು.

ಪರದೇಶದ ಮಾತು ಸಾಕು. ನಮ್ಮ ಬೆಂಗಳೂರೇ ಒಂದು ಕಾಲಕ್ಕೆ ಇದಕ್ಕಿಂತ ಆಳದ ತಪಾಸಣೆಗೆ ಹೆಸರಾಗಿತ್ತು. 2000ದ ನಂತರದ ದಶಕದಲ್ಲಿ ದೇಶದ ಮೂಲೆಮೂಲೆಯಿಂದ ಪೊಲೀಸರು ಆರೋಪಿಗಳನ್ನು ಇಲ್ಲಿಗೆ ಕರೆತರುತ್ತಿದ್ದರು. ಪೆಂಟೊಥಾಲ್ ಎಂಬ ಮದ್ದನ್ನು ಸಣ್ಣಗೆ ರಕ್ತಕ್ಕಿಳಿಸಿ, ಅರೆನಿದ್ದೆಯಲ್ಲಿ ಪ್ರಶ್ನೆ ಕೇಳುವುದು ಮಂಪರು ಪರೀಕ್ಷೆ. ನಕಲಿ ಛಾಪಾಕಾಗದದ ಹಗರಣದ ಖಾನಾಪುರದ ತೆಲಗಿಯ ಪರೀಕ್ಷೆ ನಡೆದದ್ದೂ ಇಲ್ಲೇ. 2006ರಲ್ಲಿ ಅದರ ಚಿತ್ರಸುರುಳಿ ಟೀವಿಯಲ್ಲಿ ಪ್ರಸಾರವಾಗಿ, ಮಂಪರಿನಲ್ಲಿ ಆತ ತೊದಲಿದ ರಾಜಕಾರಣಿಗಳ ಹೆಸರುಗಳನ್ನು ನಾಡೆಲ್ಲ ಕೇಳಿತು. ಮದ್ದು ನಾಲಗೆಯ ಬಿಗಿ ಸಡಿಲಿಸುತ್ತದೆ, ದಿಟ. ಆದರೆ ಸಡಿಲ ನಾಲಗೆಯಿಂದ ನಿಜವೇ ಬರಬೇಕೆಂದಿಲ್ಲ. ಕನಸು, ಕಲ್ಪನೆ, ಪ್ರಶ್ನೆ ಕೇಳುವವನೇ ಸೂಚಿಸಿದ ಮಾತು ಎಲ್ಲವೂ ಬರುತ್ತವೆ. ಹೆಂಡದಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತ ಯಾರಿಗಾದರೂ ಇದು ಗೊತ್ತು.

ಇನ್ನೊಂದು ಪರೀಕ್ಷೆ ಮಿದುಳಿನದು. ತಲೆಗೆ ವಿದ್ಯುದಗ್ರಗಳನ್ನು ಅಂಟಿಸಿ, ಅಪರಾಧದ ವಿವರಗಳನ್ನು ಓದಿ ಹೇಳಿ, ಮಿದುಳಿನ ಅಲೆಗಳಲ್ಲಿ ‘ಅನುಭವದ ನೆನಪು’ ಇದೆಯೇ ಎಂದು ನೋಡುವುದು. ಈ ವಿಧಾನವನ್ನು ನಮ್ಮ ದೇಶದಲ್ಲಿ ರೂಪಿಸಿದ ಸಿ.ಆರ್. ಮುಕುಂದನ್ ಅವರು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದ ಮನೋವಿಜ್ಞಾನಿ. 2008ರ ಜೂನಿನಲ್ಲಿ ಪುಣೆಯ ನ್ಯಾಯಾಲಯವೊಂದು ಕೊಲೆ ಮೊಕದ್ದಮೆಯಲ್ಲಿ ಈ ಪರೀಕ್ಷೆಗೂ ಬೆಲೆ ಕೊಟ್ಟು ಶಿಕ್ಷೆ ವಿಧಿಸಿದಾಗ ಜಗತ್ತಿನ ನರವಿಜ್ಞಾನಿಗಳು ಹುಬ್ಬೇರಿಸಿದರು. ಅದೇ ವರ್ಷ ನಿಮ್ಹಾನ್ಸ್‌ನ ನಿರ್ದೇಶಕರಾಗಿದ್ದ ಡಾ. ಡಿ. ನಾಗರಾಜ ಅವರ ನೇತೃತ್ವದ ತಜ್ಞರ ಸಮಿತಿ ಈ ಪರೀಕ್ಷೆಗೆ ವೈಜ್ಞಾನಿಕ ಆಧಾರ ಸಾಲದೆಂದು ವರದಿಯಿತ್ತಿತು. ಒಂದೇ ಸಂಸ್ಥೆಯ ಅಂಗಳದಿಂದ ಬಂದ ವಿಧಾನಕ್ಕೆ ಅದೇ ಅಂಗಳದಿಂದ ತಡೆ. ವಿಜ್ಞಾನ ಆರೋಗ್ಯವಾಗಿರುವುದರ ಲಕ್ಷಣವಿದು ಎಂದೇ ನನ್ನ ಎಣಿಕೆ. ರಾಪಿಸ್ಕ್ಯಾನಿನ ವಿಷಯದಲ್ಲಿ ಕಾಣದೆಹೋದದ್ದು ಇಲ್ಲಿ ಕಂಡಿತು.

ಸೆಲ್ವಿ ಮೊಕದ್ದಮೆಯಲ್ಲಿ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್, ಆರ್.ವಿ. ರವೀಂದ್ರನ್ ಮತ್ತು ಜೆ.ಎಂ. ಪಾಂಚಾಲ್ ಅವರ ಪೀಠ ಈ ಪರೀಕ್ಷೆಗಳು ನಂಬಲರ್ಹವೇ ಎಂಬುದನ್ನು ದೀರ್ಘವಾಗಿ ಚರ್ಚಿಸಿತು, ಆದರೆ ಅಲ್ಲಿಗೇ ನಿಲ್ಲಲಿಲ್ಲ. ನಾಳೆ ನೂರಕ್ಕೆ ನೂರು ನಿಖರವಾದ ಯಂತ್ರವೇ ಬಂದರೂ ಮನಸ್ಸಿನೊಳಗೆ ಬಲವಂತವಾಗಿ ಇಣುಕುವ ಹಕ್ಕು ಬರುತ್ತದೆಯೆ? ತನ್ನ ವಿರುದ್ಧ ತಾನೇ ಸಾಕ್ಷಿಯಾಗಬೇಕಿಲ್ಲವೆಂಬ ಸಂವಿಧಾನದ 20(3)ನೇ ವಿಧಿಯನ್ನೂ, ವ್ಯಕ್ತಿ ಸ್ವಾತಂತ್ರ್ಯದ 21ನೇ ವಿಧಿಯನ್ನೂ ಹಿಡಿದು, ಇಲ್ಲವೆಂದಿತು ಪೀಠ. ಸ್ವಇಚ್ಛೆಯಿಂದ ಒಪ್ಪಿದರೆ ಮಾತ್ರ, ಅದೂ ಮ್ಯಾಜಿಸ್ಟ್ರೇಟರ ಮುಂದೆ ಒಪ್ಪಿಗೆ ದಾಖಲಾದ ಮೇಲೆ.

ಈಗ ಮತ್ತೆ ನಮ್ಮ ವಿಮಾನ ನಿಲ್ದಾಣಕ್ಕೆ ಬರೋಣ. 2019ರ ಏಪ್ರಿಲಿನಲ್ಲಿ ನಮ್ಮ ಭದ್ರತಾ ಇಲಾಖೆ ದೇಶದ 84 ಸೂಕ್ಷ್ಮ ನಿಲ್ದಾಣಗಳಲ್ಲಿ ಒಂದು ವರ್ಷದೊಳಗೆ ಮೈಶೋಧಕ ಯಂತ್ರ ಕೂರಿಸಲು ಆಜ್ಞೆ ಹೊರಡಿಸಿತು. ಪುಣ್ಯಕ್ಕೆ ಅದು ಮಿಲಿಮೀಟರ್ ತರಂಗವನ್ನೇ ನಿಗದಿ ಮಾಡಿತು, ಪರದೆಯಲ್ಲಿ ಗೊಂಬೆಯಾಕೃತಿ ಮಾತ್ರ. ಕೊರೋನಾ ಬಂದು ಗಡುವು ಕೊಚ್ಚಿಹೋಯಿತು. ಈ ಯಂತ್ರಕ್ಕೂ ತನ್ನದೇ ಪೇಚುಗಳಿವೆ. ಬೆವರು ಮತ್ತು ಬಟ್ಟೆಯ ಮಡಿಕೆ ಅದನ್ನು ದಾರಿತಪ್ಪಿಸುತ್ತವೆ. ಹ್ಯಾಂಬರ್ಗ್ ನಿಲ್ದಾಣದಲ್ಲಿ ಪ್ರಯೋಗ ಮಾಡಿದ ಜರ್ಮನಿ, ಸುಳ್ಳು ಎಚ್ಚರಿಕೆಗಳ ಕಾಟ ತಾಳದೆ 2011ರಲ್ಲಿ ಸದ್ಯಕ್ಕೆ ಬೇಡವೆಂದಿತ್ತು. ಕೋಟು ಷರಾಯಿಯ ನಾಡಿನಲ್ಲೇ ಹೀಗಾದರೆ, ಆರು ಗಜದ ಸೀರೆಯ ನೆರಿಗೆ, ಕಚ್ಚೆಪಂಚೆ, ರುಮಾಲುಗಳ ನಾಡಿನಲ್ಲಿ ಏನಾದೀತೆಂದು ಯಾರೂ ಊಹಿಸಬಹುದು.

ಹಾಗೆಂದು ಯಂತ್ರಕ್ಕಿಂತ ಕೈಯೇ ಲೇಸೆಂದು ಹೊರಟರೆ ಅದೂ ಸರಿಯಲ್ಲ. ನರ್ತಕಿ ಸುಧಾ ಚಂದ್ರನ್ ಅವರು ಕೃತಕ ಕಾಲಿನಲ್ಲಿ ಕುಣಿದು ಹೆಸರಾದವರು. ವಿಮಾನ ನಿಲ್ದಾಣಗಳಲ್ಲಿ ಪ್ರತಿ ಸಲವೂ ಆ ಕಾಲನ್ನು ಕಳಚಿ ತೋರಿಸಬೇಕಾಗುತ್ತದೆಂದು 2021ರ ಅಕ್ಟೋಬರಿನಲ್ಲಿ ಅವರು ನೊಂದು ಹೇಳಿದಾಗ ಭದ್ರತಾ ಪಡೆ ಕ್ಷಮೆ ಕೇಳಿತು. ಅಂಥವರಿಗೆ, ಬಟ್ಟೆಯನ್ನೂ ಕಾಲನ್ನೂ ತೆಗೆಸದೆ ದೂರದಿಂದಲೇ ನೋಡುವ ಯಂತ್ರ ಉಪಕಾರವೇ. ಒಬ್ಬರ ಮಾನಭಂಗ ಇನ್ನೊಬ್ಬರ ಬಿಡುಗಡೆ. ಯಾವುದು ಬೇಕೆಂದು ಆರಿಸಿಕೊಳ್ಳುವ ಅವಕಾಶ ಪ್ರಯಾಣಿಕರಿಗೆ ಇರಬೇಕೆಂದಷ್ಟೇ ಹೇಳಬಹುದು.

ಈ ಆಯ್ಕೆಯ ಮಾತಿಗೆ ಕಾನೂನಿನ ಬಲ ತಂದುಕೊಟ್ಟವರು ನಮ್ಮವರೇ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿ, 1977ರಿಂದ 1986ರವರೆಗೆ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಕೆ.ಎಸ್. ಪುಟ್ಟಸ್ವಾಮಿ ಅವರು ತಮ್ಮ 86ನೇ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯ ವಿರುದ್ಧ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಖಾಸಗಿತನ ಮೂಲಭೂತ ಹಕ್ಕೇ ಅಲ್ಲವೆಂದು ಸರಕಾರ ವಾದಿಸಿದ್ದರಿಂದ ಆ ಪ್ರಶ್ನೆ ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಹೋಗಿ, 2017ರ ಆಗಸ್ಟ್ 24ರಂದು ಒಂಬತ್ತೂ ಜನ ಒಕ್ಕೊರಲಿನಿಂದ ಹೌದೆಂದರು. ಅದನ್ನು ಮೊಟಕು ಮಾಡಬೇಕಾದರೆ ಕಾನೂನಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಮೊಟಕಾಗಬೇಕು. ಆಧಾರ್ ವಿಚಾರಣೆಯ ಮುಂದಿನ ಹಂತದಲ್ಲಿ ಸರಕಾರದ ವಕೀಲರು, ಮಾಹಿತಿಯೆಲ್ಲ 13 ಅಡಿ ಎತ್ತರ, 5 ಅಡಿ ದಪ್ಪದ ಗೋಡೆಗಳ ಹಿಂದೆ ಭದ್ರವಾಗಿದೆಯೆಂದು ಹೇಳಿದ್ದುಂಟು. ಕಣಜಕ್ಕೆ ಕನ್ನ ಹಾಕುವವರ ಕಾಲದ ಭರವಸೆ ಅದು. 2018ರ ಸೆಪ್ಟೆಂಬರಿನಲ್ಲಿ ಆಧಾರ್ ಕೆಲವು ಕತ್ತರಿಗಳೊಡನೆ ಉಳಿಯಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು.

ಅವರ ಬೆಂಗಳೂರಿನಲ್ಲೇ 2022ರ ಡಿಸೆಂಬರ್ 1ರಂದು, ದೆಹಲಿ ಮತ್ತು ವಾರಾಣಸಿಗಳ ಜೊತೆಗೆ, ‘ಡಿಜಿ ಯಾತ್ರಾ’ ಶುರುವಾಯಿತು. ಇಲ್ಲಿ ಮುಖವೇ ಗುರುತಿನ ಚೀಟಿ. ಲೋಹಶೋಧಕ ನೀವು ಏನು ಹೊತ್ತಿದ್ದೀರಿ ಎಂದು ಕೇಳುತ್ತದೆ, ಈ ಕ್ಯಾಮೆರಾ ನೀವು ಯಾರೆಂದು ಕೇಳುತ್ತದೆ. ಅದಕ್ಕೆ ಬಾಂಬು ಕಾಣುವುದಿಲ್ಲ. ಆದ್ದರಿಂದ ಇದನ್ನು ಭದ್ರತೆಯೆನ್ನುವುದಕ್ಕಿಂತ ಸಾಲು ಬೇಗ ಕರಗಿಸುವ ಉಪಾಯ ಎನ್ನುವುದು ಸರಿ. ವಿವರಗಳು ಪ್ರಯಾಣಿಕರ ಫೋನಿನಲ್ಲೇ ಇರುತ್ತವೆ, ನಿಲ್ದಾಣಕ್ಕೆ ಹೋದ ಪ್ರತಿ ವಿಮಾನ ಹೊರಟ 24 ಗಂಟೆಯೊಳಗೆ ಅಳಿಸಿಹೋಗುತ್ತದೆ ಎಂಬುದು ನಡೆಸುವವರ ಹೇಳಿಕೆ. ನಡೆಸುವುದು 2019ರಲ್ಲಿ ಹುಟ್ಟಿದ ಒಂದು ಪ್ರತಿಷ್ಠಾನ. ಅದು ಸ್ಥಾಪನೆಯಾದಾಗ ಶೇಕಡ 26 ಪಾಲು ಸರಕಾರದ ವಿಮಾನ ನಿಲ್ದಾಣ ಪ್ರಾಧಿಕಾರದ್ದು, ಉಳಿದದ್ದು ಬೆಂಗಳೂರು, ದೆಹಲಿ, ಹೈದರಾಬಾದು, ಮುಂಬಯಿ, ಕೊಚ್ಚಿಯ ನಿಲ್ದಾಣ ಕಂಪನಿಗಳದ್ದು. ಸರಕಾರಿ ಕಚೇರಿಯಲ್ಲವಾದ್ದರಿಂದ ಮಾಹಿತಿ ಹಕ್ಕಿನ ಅರ್ಜಿಗೆ ಅಲ್ಲಿ ಕಿಟಕಿಯಿಲ್ಲ. 2023ರಲ್ಲಿ ಬಂದ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯಿದೆ ಒಪ್ಪಿಗೆಯನ್ನು ಅಡಿಗಲ್ಲಾಗಿಸಿಕೊಂಡಿದೆ, ಆದರೆ ಭದ್ರತೆಯ ಹೆಸರಿನಲ್ಲಿ ಸರಕಾರಿ ಸಂಸ್ಥೆಗಳಿಗೆ ವಿನಾಯಿತಿ ಕೊಡುವ ದಾರಿಯನ್ನೂ ಇಟ್ಟುಕೊಂಡಿದೆ.

ಡಿಜಿ ಯಾತ್ರಾ ಕಡ್ಡಾಯವಲ್ಲ. ಆದರೂ ಬಾಗಿಲಲ್ಲಿ ನಿಂತ ಸಿಬ್ಬಂದಿ ಏನೆಂದು ಬಿಡಿಸಿ ಹೇಳದೆ ಮುಖದ ಚಿತ್ರ ತೆಗೆದುಕೊಂಡರೆಂದು 2024ರ ಆರಂಭದಲ್ಲಿ ಹಲವು ನಿಲ್ದಾಣಗಳಿಂದ ದೂರು ಬಂದವು. ಕೊಲೆ ಆರೋಪಿಯ ಒಪ್ಪಿಗೆಯನ್ನು ಮ್ಯಾಜಿಸ್ಟ್ರೇಟರ ಮುಂದೆ ಬರೆಸಿಕೊಳ್ಳಬೇಕೆಂದು ನ್ಯಾಯಾಲಯ ಹೇಳಿರುವ ನಾಡಿನಲ್ಲಿ, ವಿಮಾನ ತಪ್ಪೀತೆಂದು ಓಡುವವನ ಒಪ್ಪಿಗೆ ಎರಡು ಸೆಕೆಂಡಿನ ಕೆಲಸ. ಬೇಡವೆನ್ನುವವರು ಗುರುತಿನ ಚೀಟಿ ಮತ್ತು ಟಿಕೆಟ್ಟು ಹಿಡಿದು ಪಕ್ಕದ ಸಾಲಿನಲ್ಲಿ ನಿಲ್ಲಬಹುದು. ಆ ಸಾಲು ಸ್ವಲ್ಪ ಉದ್ದವಿರುತ್ತದೆ, ಅರ್ಧ ಗಂಟೆ ಮುಂಚೆ ಹೊರಡಬೇಕು.